ಅಣ್ಣನ ಅನುಮತಿ ಕೇಳಿದ ಫೋಲ್ಡರ್

ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ‘ತಂಗಿ ಮದುವೆ’ ಎಂಬ ಫೋಲ್ಡರ್ ಒಂದಿತ್ತು. ಅದನ್ನು ಮಾಡಿಟ್ಟವನು ಅಣ್ಣ. ಒಳಗಿದ್ದವಳು ನಾನು: ಸೀರೆ ಉಟ್ಟು ನಿಂತ ನಾನು, ಕುಳಿತ ನಾನು, ಯಾಕೆಂದು ಗೊತ್ತಿಲ್ಲದೆ ಹೂದಾನಿ ಮುಟ್ಟುತ್ತಿರುವ ನಾನು. ಸ್ಟುಡಿಯೋದವನು ನನ್ನ ಕನ್ನಡಕ ತೆಗೆಸಿದ್ದ, ಗದ್ದದ ಮೇಲಿನ ಮಚ್ಚೆ ಒರೆಸಿ ಹಾಕಿದ್ದ, ಮುಖವನ್ನಂತೂ ಹಾಲಿನಲ್ಲಿ ಅದ್ದಿ ತೆಗೆದಂತೆ ಮಾಡಿಟ್ಟಿದ್ದ. ದಿನಾ ಬಸ್ಸು ಹತ್ತಿ ಕುರುಗೋಡಿಗೆ ಹೋಗಿ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಬಿಸಿಲು ತಿಂದು ಬರುವ ನನಗೂ ಆ ಬೊಂಬೆಗೂ ಏನೇನೂ ಸಂಬಂಧವಿರಲಿಲ್ಲ.

ಅಣ್ಣನದು ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ, ಸಂಸಾರವೂ ಅಲ್ಲೇ. ಗಿರಾಕಿಗಳ ಮನೆಯಲ್ಲಿ ಮದುವೆಗೆ ಬಂದ ಹುಡುಗನಿದ್ದಾನೆಂದು ಕಿವಿಗೆ ಬಿದ್ದರೆ ಸಾಕು, ಭಾನುವಾರ ನಮ್ಮಲ್ಲಿಗೆ ಬಂದು ಆ ಫೋಲ್ಡರ್ ತೆರೆದು ಫೋಟೊ ಕಳಿಸುತ್ತಿದ್ದ. ನನಗೆ ತಿಳಿಯುತ್ತಿದ್ದುದು ಅವರು ಬಾಗಿಲಿಗೆ ಬಂದಾಗಲೇ.

ಹಾಗೆ ಒಮ್ಮೆ ರೂಪನಗುಡಿಯಿಂದ ಒಂದು ಮನೆಯವರು ಬಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಹುಡುಗನ ತಾಯಿ ಮೊಬೈಲ್ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮೊಬೈಲ್ ನೋಡಿದಳು.

“ಈಕಿ ಅಕ್ಕೇನ್ರಿ? ತಂಗೀನ ಕರೀರಿ,” ಎಂದಳು.

ಅಣ್ಣ ಹಲ್ಲು ಗಿಂಜಿದ. ಅಮ್ಮ ನೆಲ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಆ ಹೆಂಗಸಿನ ಮೇಲಲ್ಲ, ಪಾಪ, ಆಕೆ ಕಂಡದ್ದು ಹೇಳಿದ್ದಳು. ನನ್ನ ಸಿಟ್ಟೆಲ್ಲ ಆ ಬೊಂಬೆಯ ಮೇಲೆ, ಅದನ್ನು ಊರೂರು ತಿರುಗಿಸುತ್ತಿದ್ದವನ ಮೇಲೆ.

ಮುಂದಿನ ಭಾನುವಾರ ಅಣ್ಣ ಬರುವ ಮೊದಲೇ ಕಂಪ್ಯೂಟರ್ ಮುಂದೆ ಕುಳಿತು ಫೋಲ್ಡರ್ ಅಳಿಸಲು ಹೋದೆ. ಆಗಲಿಲ್ಲ. ಅಳಿಸಬೇಕಾದರೆ ಅಣ್ಣನ ಅನುಮತಿ ಬೇಕಂತೆ. ಅವನ ಹೆಸರನ್ನೇ ಬರೆದು ತೋರಿಸಿತು. ಆ ಫೋಲ್ಡರನ್ನು ಅವನು ಕಂಪ್ಯೂಟರಿನಲ್ಲಿದ್ದ ತನ್ನ ಖಾತೆಯಿಂದ ಮಾಡಿದ್ದ, ಹಾಗಾಗಿ ಮಾಲೀಕ ಅವನೇ. ನನ್ನ ಮುಖಕ್ಕೆ ಇವನು ಮಾಲೀಕ! ‘ಮತ್ತೆ ಪ್ರಯತ್ನಿಸಿ’ ಎಂಬುದನ್ನು ಒತ್ತಿದೆ. ಮತ್ತೆ ಅದೇ ರಾಗ.

ಸುಮ್ಮನೆ ಎದ್ದು ಹೋಗುವವರ ಪೈಕಿ ನಾನಲ್ಲ. ಅಂಗಡಿಯ ತೆರಿಗೆ ಕೆಲಸ ಮಾಡಿಕೊಡಲೆಂದು ನನ್ನ ಖಾತೆಗೂ ಅವನು ಪೂರ್ತಿ ಅಧಿಕಾರ ಕೊಟ್ಟಿದ್ದ. ಆ ಕೆಲಸಕ್ಕೆ ಮಾತ್ರ ತಂಗಿಯ ತಲೆ ಬೇಕಿತ್ತು. ಮೊಬೈಲಿನಲ್ಲಿ ಒಂದು ತೆಲುಗು ವಿಡಿಯೊ ಹಚ್ಚಿದೆ. ಅದರಲ್ಲಿದ್ದವನು ಹೇಳಿದಂತೆ ಫೋಲ್ಡರಿನ ಸೆಕ್ಯುರಿಟಿಗೆ ಹೋಗಿ, ಮಾಲೀಕನ ಜಾಗದಲ್ಲಿದ್ದ ಅಣ್ಣನ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ಒಳಗಿನ ಎಲ್ಲ ಫೈಲುಗಳಿಗೂ ಇದೇ ಅನ್ವಯಿಸಲಿ ಎಂದು ಗುರುತು ಹಾಕಿ, ಪೂರ್ತಿ ಹಿಡಿತವನ್ನು ನನಗೇ ಕೊಟ್ಟುಕೊಂಡೆ.

“ಆಗ್ಲಿಂದ ಏನಡಗಿ ಮಾಡಾಕತ್ತೀ ಅಲ್ಲಿ?” ಎಂದು ಅಡುಗೆಮನೆಯಿಂದ ಅಮ್ಮ ಕೇಳಿದಳು.

“ಅಡಗಿ ಅಲ್ಲಮ್ಮ, ಬೊಂಬಿ ಸುಡಾಕತ್ತೀನಿ,” ಎಂದೆ.

ಆಮೇಲೂ ಫೋಲ್ಡರ್ ಹಟ ಬಿಡಲಿಲ್ಲ. ಒಳಗಿನದೇನೋ ಇನ್ನೂ ತೆರೆದಿದೆ ಎಂದಿತು. ನೋಡಿದರೆ ಹಿಂದೊಂದು ಕಿಟಕಿಯಲ್ಲಿ ಹೂದಾನಿಯ ಫೋಟೊ ಹಲ್ಲು ಕಿರಿಯುತ್ತಿತ್ತು. ಅದನ್ನು ಮುಚ್ಚಿ, ಕಸದಬುಟ್ಟಿಗೂ ಹೋಗದಂತೆ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದೆ. ಮಂದಿಯ ಮೊಬೈಲಿಗೆ ಹೋದದ್ದನ್ನು ತರಿಸಿಕೊಳ್ಳಲಾಗದು, ಅದು ನನಗೆ ಗೊತ್ತಿತ್ತು. ನನ್ನ ಮನೆಯಿಂದ ಇನ್ನೊಂದು ಹೋಗಬಾರದು, ಅಷ್ಟೇ.

ಮಧ್ಯಾಹ್ನ ಅಣ್ಣ ಬಂದ. ಸಿರುಗುಪ್ಪದ ಅಕ್ಕಿ ಗಿರಣಿಯವರೊಬ್ಬರಿಗೆ ಫೋಟೊ ಕಳಿಸಬೇಕಿತ್ತಂತೆ. ಎಷ್ಟು ಹುಡುಕಿದರೂ ಸಿಗದಾಗ, ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ನನ್ನ ಕಡೆ ತಿರುಗಿದ.

“ನನ್ನ ಒಂದ್ ಮಾತು ಕೇಳದ ಅಳಿಸಿಬಿಟ್ಟೀಯೇನು?”

“ನೀ ನನ್ನ ಕೇಳಿ ಕಳಿಸ್ತಿದ್ದೇನು?”

“ಒಳ್ಳೇ ಮನಿತನ ಐತಿ. ಈಗ ಅವ್ರಿಗೆ ಏನ್ ಕಳಸ್ಲಿ?”

“ನನ್ನ ನಂಬರ್ ಕಳಸು. ಏನ್ ಕೇಳೋದಿದ್ರೂ ನನ್ನ ಕೇಳ್ಲಿ.”

“ಹುಡುಗಿ ನಂಬರ್ ಯಾರರ ಕಳಸ್ತಾರೇನು? ಕೇಳ್ದ್ಯಾ ಅಮ್ಮ, ಈಕಿ ಮಾತು!”

ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಇಷ್ಟು ವರ್ಷ ಅಣ್ಣ ಹೇಳಿದ್ದಕ್ಕೆಲ್ಲ ಹೂಂ ಅಂದವಳು.

“ಕಳಸಪ್ಪ,” ಎಂದಳು. “ನನ್ನ ಮದುವ್ಯಾಗ ನನ್ನಂತೂ ಯಾರೂ ಕೇಳ್ಲಿಲ್ಲ.”

ಅಣ್ಣ ಮೊಬೈಲ್ ತೆಗೆದ. ಅವನು ನನ್ನ ನಂಬರ್ ಕಳಿಸುವವರೆಗೂ ನಾನು ಆ ಕುರ್ಚಿಯಿಂದ ಏಳಲಿಲ್ಲ.