ಕೆಂಚವ್ವ ಆರಿಸುವ ಹೊರೆ

ನಮ್ಮ ಕಟಕೋಳದಲ್ಲಿ ಶೇಂಗಾ ಹೊಲದ ಕಸ ತೆಗೆಯಲು ಹೋದ ಹೆಂಗಸರು ಸಂಜೆ ಆ ಕಸವನ್ನೇ ಹೊರೆ ಕಟ್ಟಿ ಮನೆಯ ದನಕ್ಕೆ ಒಯ್ಯುತ್ತಾರೆ. ಎಲ್ಲರೂ ಹೊರೆ ಬಿಚ್ಚಿ ಗೋದಲಿಗೆ ಸುರಿಯುತ್ತಾರೆ. ನಮ್ಮ ಎದುರುಮನೆಯ ಕೆಂಚವ್ವ ಮಾತ್ರ ಹೊಸ್ತಿಲ ಮುಂದೆ ಗೋಣಿತಟ್ಟು ಹಾಸಿ, ಒಂದೊಂದೇ ಎಲೆ ನೋಡಿ ಆರಿಸಿ ಹಾಕುತ್ತಿದ್ದಳು.

ಅವಳ ಗಂಡ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಮಕ್ಕಳಿಲ್ಲ. ಮನೆಯಲ್ಲಿದ್ದದ್ದು ಇನ್ನೂ ಕರು ಹಾಕದ ಒಂದು ಎಮ್ಮೆಯ ಮಣಕ. ಸಂತೆಯಲ್ಲಿ ಕಂಡದ್ದನ್ನೆಲ್ಲ ಬಂದು ಅದಕ್ಕೇ ಹೇಳುವಳು. ಮನುಷ್ಯರ ಪೈಕಿ ಅವಳ ಕಟ್ಟೆಗೆ ಬಂದು ಕೂರುತ್ತಿದ್ದವಳು ರಾಚವ್ವ ಒಬ್ಬಳೇ. ಕಸ ತೆಗೆಯುವ ನಮ್ಮ ಗುಂಪಿಗೆ ರಾಚವ್ವನೇ ಮುಂದಾಳು. ದಿನಾ ಸಂಜೆ ಇಬ್ಬರೂ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

2004ರ ಮಳೆಗಾಲದಲ್ಲಿ ಕೆಂಚವ್ವನಿಗೆ ಜ್ವರ ಬಂತು. ಮಣಕ ಉಪವಾಸ ಬೀಳಬಾರದೆಂದು ರಾಚವ್ವ ತನ್ನ ಹೊರೆಯಲ್ಲಿ ಅರ್ಧ ತಂದು ಗೋದಲಿಗೆ ಹಾಕಿ ಹೋದಳು. ನಾನು ನಮ್ಮ ಬಾಗಿಲಲ್ಲಿ ನಿಂತು ನೋಡಿದ್ದೆ. ಮರುದಿನ ಮಣಕ ಮೇವು ಮುಟ್ಟಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಹಿಂಗಾಲು ತಡವರಿಸುತ್ತಿದ್ದವು. ಯರಗಟ್ಟಿಯಿಂದ ದನದ ಡಾಕ್ಟರು ಬರುವಷ್ಟರಲ್ಲಿ ನೆಲಕ್ಕೆ ಬಿದ್ದಿತ್ತು. ಮೂರನೆಯ ದಿನ ಸತ್ತಿತು.

ಅದನ್ನು ಒಯ್ದ ಮೇಲೆ ಕೆಂಚವ್ವ ಗೋದಲಿಯಲ್ಲಿ ಉಳಿದದ್ದನ್ನು ತಟ್ಟಿನ ಮೇಲೆ ಹರವಿದಳು. ಒಂದು ಟೊಂಗೆ ಎತ್ತಿ ನನ್ನ ಕೈಗೆ ಕೊಟ್ಟು, ಏನಿದು ಎಂದು ಕೇಳಿದಳು. ಬದನೆಯಂಥ ನೇರಳೆ ಹೂವು, ಸಣ್ಣ ಹಳದಿ ಕಾಯಿ. ನೆಲಗುಳ್ಳ ಎಂದೆ.

"ನೆಲಗುಳ್ಳ ನೆಲಕ್ಕ ಹಬ್ಬತೈತಿ. ಎಲಿ ಮ್ಯಾಲೆಲ್ಲ ಉದ್ದನ್ನ ಮುಳ್ಳ, ದನ ಮೂಸಿ ಬಿಡ್ತಾವು" ಎಂದಳು. "ಇದು ನೆಟ್ಟಗ ನಿಂತೈತಿ. ಎಲಿ ನೋಡು, ಇಬತ್ತಿ ಬೂದಿ ಹಚ್ಚಿದಂಗ ಐತಿ. ಮುಳ್ಳ ಬರೇ ದಂಟಿಗೆ, ಅವೂ ಸಣ್ಣವು. ಹುಲ್ಲಿನ ಜೋಡಿ ತಿಂದಬಿಡ್ತಾವು."

ಆ ಗಿಡ ಇದ್ದದ್ದು ಮಹಾಂತಪ್ಪನ ಹೊಲದ ಒಂದು ಮೂಲೆಯಲ್ಲಿ. ಹಿಂದಿನ ವರ್ಷ ಗೊಬ್ಬರಕ್ಕೆಂದು ಅಲ್ಲಿ ಕುರಿಮಂದೆ ತರುಬಿದ್ದರು. ಬೀಜ ಹಿಕ್ಕೆಯಲ್ಲಿ ಬಂದಿರಬೇಕು. ನಮ್ಮ ಗುಂಪು ಆ ವಾರ ಅಲ್ಲೇ ಕೆಲಸ ಮಾಡುತ್ತಿತ್ತು.

ಎರಡು ದಿನ ಕೆಂಚವ್ವ ನನ್ನ ಬಿಟ್ಟು ಬೇರೆ ಯಾರಿಗೂ ಇದನ್ನು ಹೇಳಲಿಲ್ಲ. ಸುಮ್ಮನಿದ್ದರೆ ಇನ್ನೊಬ್ಬರ ದನ ಸಾಯುತ್ತದೆ. ಹೇಳಿದರೆ ಆ ಹೊರೆ ಯಾರು ಹಾಕಿದ್ದೆಂದು ಊರು ಕೇಳುತ್ತದೆ, ರಾಚವ್ವ ಮತ್ತೆ ಕಟ್ಟೆ ಹತ್ತುವುದಿಲ್ಲ. ಮೂರನೆಯ ದಿನ ಒಣಗಿದ ಟೊಂಗೆ ಹಿಡಿದು ಹೊಲಕ್ಕೆ ಬಂದಳು. ಎಲ್ಲರಿಗೂ ಎಲೆ ತೋರಿಸಿ, ಇದನ್ನು ಹೊರೆಯಲ್ಲಿ ಕಟ್ಟಬೇಡಿ ಎಂದಳು. ಮಹಾಂತಪ್ಪ, ಮಣಕಕ್ಕೆ ಇದನ್ನು ಹಾಕಿದವರು ಯಾರೆಂದು ಕೇಳಿದ.

"ನಾನ ಹಾಕಿದ್ದು. ಗುರ್ತ ಸಿಗಲಿಲ್ಲರಿ."

"ಅವತ್ತ ಸಿಗದ ಗುರ್ತ ಇವತ್ತ ಹೆಂಗ ಸಿಕ್ತಬೇ? ಕಣ್ಣಿಗೆ ಪೊರಿ ಬಂದೈತಿ, ಮೊದಲ ಅದನ್ನ ತಗಿಸ್ಕೊ."

ಹೆಂಗಸರು ನಕ್ಕರು. ರಾಚವ್ವ ನಗಲಿಲ್ಲ. ತಲೆ ತಗ್ಗಿಸಿ, ಕಸವಿಲ್ಲದ ಜಾಗವನ್ನೇ ಕುರ್ಪಿಯಿಂದ ಕೆದರುತ್ತಿದ್ದಳು. ಅವಳ ಪಕ್ಕದ ಸಾಲಿನಲ್ಲಿ ನಾನಿದ್ದೆ. ಆ ಮೇವು ಹಾಕಿದವರನ್ನು ಕಂಡಿದ್ದ ನಾನೂ ಮುಂದಿನ ಕಸಕ್ಕೆ ಕುರ್ಪಿ ಹಾಕಿದೆ.

ಸಾಲಿನ ನಡುವೆ ಎಡೆಕುಂಟೆ ಹೊಡೆಯಬೇಡಿ, ಬೇರುಸಹಿತ ಅಗೆಸಿರಿ ಎಂದು ಕೆಂಚವ್ವ ಕೇಳಿಕೊಂಡಳು. ಮಹಾಂತಪ್ಪ ಕೇಳದೆ ಕುಂಟೆ ಹೊಡೆಸಿದ. ತುಂಡಾದ ಬೇರೆಲ್ಲ ಚಿಗುರಿ, ಈಗ ಆ ಮೂಲೆಯೇ ಬೂದಿಬಣ್ಣವಾಗಿದೆ. ನಾನೊಂದು ಗಿಡವನ್ನು ಅಗೆದು ನೋಡಿದೆ. ತೋಳುದ್ದ ಹೋದರೂ ಬೇರಿನ ತುದಿ ಸಿಗಲಿಲ್ಲ.

ಆ ದಿನದಿಂದ ರಾಚವ್ವ ಹಿಂದಿನ ಓಣಿಯಿಂದ ಮನೆಗೆ ಹೋಗುತ್ತಾಳೆ. ಆದರೆ ಕಸ ತೆಗೆಯುವ ದಿನಗಳಲ್ಲಿ ಅವಳ ಹೊರೆ ಸೊಸೆ ಅನ್ನಪೂರ್ಣಾಳ ತಲೆಯ ಮೇಲೆ, ಆರಿಸಿಕೊಡಲೆಂದು ಕೆಂಚವ್ವನ ಹೊಸ್ತಿಲಿಗೆ ಬರುತ್ತದೆ. ಪೊರೆ ಬಂದ ಕಣ್ಣೆಂದು ಬೇರೆ ಯಾರೂ ಹೊರೆ ಕಳಿಸುವುದಿಲ್ಲ.

"ಅತ್ತಿ ಕಳಿಸ್ಯಾರ್ರಿ" ಎನ್ನುತ್ತಾಳೆ ಅನ್ನಪೂರ್ಣಾ.

"ಅರಾಮ ಅದಾಳಿಲ್ಲ?"

"ಹೂನ್ರಿ."

ಅಷ್ಟೇ ಮಾತು. ಕೆಂಚವ್ವ ತಟ್ಟು ಹಾಸುತ್ತಾಳೆ. ಬೂದಿ ಎಲೆ ಸಿಕ್ಕರೆ ತೆಗೆದು ಒಲೆಗೆ ಹಾಕುತ್ತಾಳೆ. ಸಿಗದ ದಿನವೂ ಇನ್ನೊಮ್ಮೆ ಎಲ್ಲ ಹರವಿ ನೋಡುತ್ತಾಳೆ. ತಡವಾದರೆ ಕೇಳಲು ರಾಚವ್ವನೇ ಬಂದಾಳೆಂದೋ ಏನೋ, ಹೊರೆಗೆ ಬೇಗ ಹಗ್ಗ ಬಿಗಿಯುವುದಿಲ್ಲ. ಕೊನೆಗೆ ಅನ್ನಪೂರ್ಣಾ ಬಂದು ಒಯ್ಯುತ್ತಾಳೆ.