ಅರ್ಧ ತಲೆಯ ಬಣ್ಣ

ಸ್ನೇಹಿತರೇ, ತಲೆಗೆ ಬಣ್ಣ ಹಚ್ಚಿಸಿಕೊಳ್ಳುವಾಗ ಸಿನಿಮಾ ವಿಮರ್ಶೆ ಮಾಡಬೇಡಿ. ಇವತ್ತು ಬೆಳಿಗ್ಗೆ ಹಳೇ ಹುಬ್ಬಳ್ಳಿಯ ಕಟಿಂಗ್ ಅಂಗಡಿಯಲ್ಲಿ ನಾನು ಮಾಡಿದೆ.

ಅಂಗಡಿಯ ಪರಸಪ್ಪ ಒಬ್ಬ ಹೀರೋನ ಪಕ್ಕಾ ಅಭಿಮಾನಿ. ಕನ್ನಡಿಯ ಸುತ್ತ ಅವನ ಫೋಟೋಗಳೇ. ಹೊಸ ಸಿನಿಮಾದಲ್ಲಿ ಆ ಹೀರೋ ವಿಗ್ ಬಿಟ್ಟು, ಬಿಳಿ ಕೂದಲಲ್ಲೇ, ಮೊಮ್ಮಗಳನ್ನು ಶಾಲೆಗೆ ಬಿಡುವ ಅಜ್ಜನಾಗಿದ್ದಾನೆ. ಒಂದೂ ಫೈಟ್ ಇಲ್ಲ.

"ಏನ್ರಿ ಪರಸಪ್ಪ, ನಿಮ್ಮ ಹೀರೋ ಪೂರಾ ಮುದುಕ ಕಾಣ್ತಾನಲ್ರಿ. ಬಣ್ಣನಾದ್ರೂ ಹಚ್ಕೋಬಾರ್ದ? ಯಾರು ನೋಡ್ತಾರ ಇದನ್ನ?" ಎಂದೆ.

ನನ್ನ ತಲೆಯ ಮೇಲಿನ ಬ್ರಷ್ ನಿಂತಿತು.

"ಫೈಟ್ ಮಾಡಿದ್ರ, ಈ ವಯಸ್ಸಿನ್ಯಾಗ ಇದೆಲ್ಲ ಯಾಕ ಬೇಕು ಅಂತಿದ್ರಿ. ಈಗ ಇದ್ದಂಗ ಬಂದಾರ, ಮುದುಕ ಅಂತೀರಿ. ಅವರು ಬಣ್ಣ ಬಿಟ್ಟದ್ದು ನೋಡಿ ನಾನೂ ಬಿಟ್ಟೇನ್ರಿ. ನಮ್ಮವ್ವ ನನ್ನ ನೋಡಿ, ಥೇಟ್ ನಿಮ್ಮಪ್ಪನ ಹಂಗ ಕಾಣ್ತಿಯಲ್ಲೋ ಅಂತ ಕಣ್ಣಾಗ ನೀರು ತಂದ್ಲು. ಒಂದ್ ಪಿಚ್ಚರ್ ಇನ್ನೇನ್ ಮಾಡ್ಬೇಕ್ರಿ?"

ಪರಸಪ್ಪನವರ ತಲೆ ಪೂರ್ತಿ ಬೆಳ್ಳಗಾಗಿದ್ದು ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಇಷ್ಟು ದಿನ ಆ ಕನ್ನಡಿಯಲ್ಲಿ ನನ್ನನ್ನಷ್ಟೇ ನೋಡಿಕೊಂಡಿದ್ದೆ.

"ಇನ್ನ ಅರ್ಧ ತಲಿ ಉಳದೈತಿ. ಹಚ್ಚಲೋ, ಬಿಡಲೋ?" ಎಂದು ಕೇಳಿದರು. ಧ್ವನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

"ಹಚ್ಚರಿ" ಎಂದೆ.

ಒಂದೇ ಒಂದು ಬಿಳಿ ಕೂದಲೂ ಉಳಿಯದಂತೆ ಹಚ್ಚಿದರು. ಇಷ್ಟು ಅಚ್ಚುಕಟ್ಟಾಗಿ ಮಸಿ ಬಳಿಸಿಕೊಂಡು, ಥ್ಯಾಂಕ್ಸ್ ಹೇಳಿ ಮನೆಗೆ ಬಂದವನು ಊರಲ್ಲಿ ನಾನೊಬ್ಬನೇ ಇರಬೇಕು.