ಬೀಗದಂಗಡಿಯ ನಂಬರು

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಬೀಗದಣ್ಣ ಎಂದೇ ಕರೆಯುತ್ತಾರೆ. ಅವರದು ಅಂಗಡಿ ಎಂದರೆ ಅಂಗಡಿಯೂ ಅಲ್ಲ, ಎರಡು ಮಳಿಗೆಗಳ ನಡುವೆ ಉಳಿದ ಸಂದಿಗೆ ಒಂದು ಶಟರ್ ಇಳಿಸಿದಂತಿದೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಗಳು. ಅವರ ಯಂತ್ರ ಕಿರುಚಲು ಶುರುಮಾಡಿದರೆ ಪಕ್ಕದ ನನ್ನ ಹೊಲಿಗೆ ಅಂಗಡಿಯಲ್ಲಿ ಅಳತೆ ಹೇಳುವವರ ಮಾತು ಕೇಳಿಸುವುದಿಲ್ಲ. ಗೊಣಗಿದರೆ, “ನಿನ್ನ ಮಷೀನು ಹಾಡುತ್ತೆ, ನನ್ನದು ಬೈಯುತ್ತೆ ತಂಗಿ. ಎರಡೂ ಇದ್ರೇನೇ ಸಂಸಾರ” ಎನ್ನುತ್ತಿದ್ದರು.

ಆ ಅಂಗಡಿಯ ಮೂಲೆಯಲ್ಲಿ ಒಂದು ಎತ್ತರದ ಸ್ಟೂಲು, ಅದರ ಪಕ್ಕದಲ್ಲಿ ಬೂದು ಬಣ್ಣದ ಫೋನು. ಇಪ್ಪತ್ತೆಂಟು ವರ್ಷ ಆ ಸ್ಟೂಲಿನ ಮೇಲೆ ಕೂತು ಫೋನು ಎತ್ತಿದವರು ಅವರ ಹೆಂಡತಿ. ನನಗೆ ಅತ್ತಿಗೆ. ಬೀಗ ಕೆಟ್ಟು ಮನೆಯ ಹೊರಗೆ ನಿಂತವರು ಗಾಬರಿಯಲ್ಲಿ ಏನೇನೋ ಹೇಳುತ್ತಾರಲ್ಲ, ಅತ್ತಿಗೆ ಅವರನ್ನು ಮೊದಲು ಎರಡೇ ಪ್ರಶ್ನೆ ಕೇಳುತ್ತಿದ್ದರು: “ಒಳಗೆ ಮಗು ಇದೆಯಾ? ಒಲೆ ಉರೀತಿದೆಯಾ?” ಇಲ್ಲ ಎಂದರೆ, “ಹಾಗಾದ್ರೆ ಗಾಬರಿ ಆಗ್ಬೇಡಿ, ನಮ್ಮನೆಯವರು ಬರ್ತಾರೆ.” ಅಷ್ಟು ಹೇಳಿ ಪುಸ್ತಕದಲ್ಲಿ ವಿಳಾಸ ಬರೆದುಕೊಳ್ಳುತ್ತಿದ್ದರು.

ಬೀಗದಣ್ಣನಿಗೆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಹಳೆಯ ಬೀಗ ಬಿಚ್ಚಿ ತಮ್ಮ ಕೈಗೆ ಬರುವ ತನಕ ಹೊಸದನ್ನು ಪೊಟ್ಟಣದಿಂದ ಹೊರಗೇ ತೆಗೆಯುತ್ತಿರಲಿಲ್ಲ. ಮುರಿದ ಕೀ ಮೇಜಿನ ಮೇಲೆ ಇಡದೆ ಹೊಸ ಕೀ ಕೇಳಿದರೆ ಎಂಥವರನ್ನೂ ವಾಪಸು ಕಳಿಸುತ್ತಿದ್ದರು. “ಒಂದೇ ಬಾಗಿಲಿಗೆ ಎರಡು ಬೀಗ ಓಡಾಡಬಾರದು. ಯಾವುದು ಯಾರ ಕೈಲಿದೆ ಅಂತ ದೇವರಿಗೂ ಗೊತ್ತಾಗಲ್ಲ” ಎಂಬುದು ಅವರ ಮಾತು. ಅತ್ತಿಗೆ ನಗುತ್ತಿದ್ದರು. “ಮಗಳ ಮದುವೆ ಆಗಿ ಬೀಗರು ಬಂದ್ರೂ ಇವರಿಗೆ ಬೀಗದ ಧ್ಯಾನವೇ.”

ಅತ್ತಿಗೆಯ ಮರೆವು ಮೊದಲು ಕಾಣಿಸಿದ್ದು ಆ ಪುಸ್ತಕದಲ್ಲಿಯೇ. ಒಂದು ದಿನ ಅವರು ಬರೆದುಕೊಟ್ಟ ಚೀಟಿ ಹಿಡಿದು ಬೀಗದಣ್ಣ ಸೈಕಲ್ ತುಳಿದುಕೊಂಡು ಹೋದರು. ಹೋಗಿ ನಿಂತದ್ದು ತಮ್ಮದೇ ಮನೆಯ ಮುಂದೆ. ಬಂದು ನನಗೂ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅತ್ತಿಗೆ ಮಾತ್ರ ನಗಲಿಲ್ಲ, ಚೀಟಿಯನ್ನೇ ನೋಡುತ್ತ ಕೂತಿದ್ದರು. ಮೂರನೆಯ ವರ್ಷಕ್ಕೆ ಒಲೆ ಹಚ್ಚಿ ಮರೆಯುವುದು, ದಾರಿ ತಪ್ಪುವುದು ಎಲ್ಲ ಆಗಿ, ಬಸ್ ನಿಲ್ದಾಣದ ಆಚೆ ಇರುವ ಆರೈಕೆ ಮನೆಗೆ ಅವರನ್ನು ಸೇರಿಸಬೇಕಾಯಿತು.

ದಿನಾ ಸಂಜೆ ಬೀಗದಣ್ಣ ಅಲ್ಲಿಗೆ ಹೋಗುತ್ತಿದ್ದರು. ಅತ್ತಿಗೆ ಅವರನ್ನು ಕಂಡರೆ ಕೈಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, “ನೀವು ಯಾರ ಕಡೆಯವರು?” ಎಂದು ಕೇಳುತ್ತಿದ್ದರು. ಬೀಗದಣ್ಣ ಬಾಗಿಲ ಬಳಿಯ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಅಂಗಡಿಯ ಫೋನು ಬಡಿದುಕೊಂಡಿತು. ನಾನು ಗುಂಡಿ ಕೇಳಿಕೊಂಡು ಬಂದ ಗಿರಾಕಿಯ ಜೊತೆ ಹೊಸ್ತಿಲಲ್ಲೇ ನಿಂತಿದ್ದೆ. ಬೀಗದಣ್ಣ ಎತ್ತಿದರು, ಸ್ಟೂಲು ಎಳೆದುಕೊಂಡು ಕೂತರು. ಆಮೇಲೆ ಮೆಲ್ಲಗೆ ಕೇಳಿದರು, “ಒಳಗೆ ಮಗು ಇದೆಯಾಮ್ಮ? ಒಲೆ ಉರೀತಿದೆಯಾ?”

ಆ ಕಡೆ ಇದ್ದವರು ಅತ್ತಿಗೆ. ಆರೈಕೆ ಮನೆಯ ಪಡಸಾಲೆಯಲ್ಲಿದ್ದ ಫೋನಿನ ಮುಂದೆ ತಾವಾಗಿಯೇ ಹೋಗಿ ನಿಂತು ಬೆರಳಾಡಿಸಿದ್ದರು. ಗಂಡನ ಮುಖ ಹೋಗಿತ್ತು, ಮಗಳ ಹೆಸರು ಹೋಗಿತ್ತು, ಬೆರಳಿನಿಂದ ಮಾತ್ರ ನಂಬರು ಹೋಗಿರಲಿಲ್ಲ. ನಡುವಿನ ಸಾಲಿನಲ್ಲಿ ಮೇಲಿನಿಂದ ಕೆಳಗೆ ಮೂರು ಗುಂಡಿ, ಎಡಗಡೆ ಒಂದೇ ಗುಂಡಿ ಎರಡು ಸಲ, ಕೊನೆಗೆ ಬಲಗಡೆ ಮೇಲಿನ ಮೂಲೆ.

“ಮಗು ಇಲ್ಲ. ಒಲೆ ಆರಿಸಿದೀನಿ” ಎಂದಿದ್ದರು ಅವರು. “ಮನೆ ಬಾಗಿಲು ತೆಗೆಯೋಕೆ ಆಗ್ತಿಲ್ಲ. ನಮ್ಮನೆಯವರು ಬರೋ ಹೊತ್ತಾಯ್ತು.”

“ಗಾಬರಿ ಆಗ್ಬೇಡಿ. ಬರ್ತೀನಿ.”

“ನೀವು ಒಳ್ಳೆಯವರು. ಬೇಗ ಬನ್ನಿ.”

ಅಂದಿನಿಂದ ದಿನಾ ನಾಲ್ಕಕ್ಕೆ ಫೋನು. ಹತ್ತು ನಿಮಿಷ ಮೊದಲೇ ಬೀಗದಣ್ಣ ಯಂತ್ರ ನಿಲ್ಲಿಸುತ್ತಿದ್ದರು, ಗದ್ದಲದಲ್ಲಿ ಎಲ್ಲಿ ಕೇಳಿಸದೆ ಹೋಗುತ್ತದೋ ಎಂದು. ಕೆಲವು ದಿನ ಮಾತು ಎರಡು ನಿಮಿಷ, ಕೆಲವು ದಿನ ಅರ್ಧ ಗಂಟೆ. ಬಾಗಿಲು ಯಾವ ಬಣ್ಣ, ಬೀಗ ಒಳಗಿನದೋ ಹೊರಗಿನದೋ, ನಿಮ್ಮ ಮನೆಯವರು ಹೇಗಿದ್ದಾರೆ ಎಂದೆಲ್ಲ ಇವರು ಕೇಳುವರು. “ಸ್ವಲ್ಪ ಹಟಮಾರಿ. ಹಳೇದು ಬಿಚ್ಚದೆ ಹೊಸದು ಹಾಕಲ್ಲ” ಎಂದರಂತೆ ಅತ್ತಿಗೆ ಒಂದು ದಿನ. ಅದನ್ನು ನನಗೆ ಹೇಳುವಾಗ ಬೀಗದಣ್ಣ ಮದುಮಗನಂತೆ ನಾಚಿದರು. ಎದುರಿಗೆ ಹೋದರೆ ಅಪರಿಚಿತ, ಫೋನಿನಲ್ಲಿ ಮಾತ್ರ ಆಪ್ತ. ದೇವರು ಬಾಗಿಲು ಮುಚ್ಚುವಾಗಲೂ ಬೆರಳಷ್ಟು ಸಂದಿ ಬಿಟ್ಟನಲ್ಲ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ನಾಲ್ಕು ಗಂಟೆಗೆ ಯಾರು ಕರೆದರೂ ಅವರು ಅಂಗಡಿ ಬಿಟ್ಟು ಹೋಗುತ್ತಿರಲಿಲ್ಲ. ಒಂದು ದಿನ ಮಾತ್ರ ಹೋದರು. ಮೂರು ವರ್ಷದ ಹುಡುಗಿ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಅಳುತ್ತಿತ್ತು, ಬೇಡ ಎನ್ನಲು ಹೇಗಾದೀತು? ಮರಳಿ ಬಂದಾಗ ನಾಲ್ಕೂವರೆ. ಅತ್ತಿಗೆ ಕೈ ಸೋಲುವ ತನಕ ಫೋನು ಕಿವಿಗೆ ಹಿಡಿದೇ ನಿಂತಿದ್ದರು ಎಂದು ಆರೈಕೆ ಮನೆಯ ನರ್ಸ್ ಹೇಳಿದಳು.

ಬೀಗದಣ್ಣ ಬೇರೆ ಊರಿನಲ್ಲಿದ್ದ ಮಗಳಿಗೆ ಇದನ್ನು ಹೇಳಿಕೊಂಡರು. ಅವಳು ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು. “ಅಪ್ಪ, ನಮ್ಮ ಕ್ಲಿನಿಕ್ ನಂಬರನ್ನು ಇಂಟರ್ನೆಟ್ ಫೋನಿಗೆ ಹಾಕಿಸಿದ್ದೀವಿ. ನಂಬರು ಅದೇ ಇರುತ್ತೆ. ಆದರೆ ನೀನು ಎಲ್ಲಿದ್ರೂ ನಿನ್ನ ಜೇಬಿನ ಮೊಬೈಲಲ್ಲೇ ಬಡಿಯುತ್ತೆ. ಅಮ್ಮನ ಒಂದು ಫೋನೂ ತಪ್ಪಲ್ಲ” ಎಂದಳು.

“ನಂಬರು ಅದೇನಾ?”

“ಅದೇ. ಒಂದು ಅಂಕಿಯೂ ಬದಲಾಗಲ್ಲ. ನೀನು ಏನೂ ಮಾಡೋದು ಬೇಡ, ಎಲ್ಲ ನಾನು ಇಲ್ಲಿಂದಲೇ ಮಾಡ್ತೀನಿ. ಶುಕ್ರವಾರದ ಹೊತ್ತಿಗೆ ಆಗುತ್ತೆ.”

ಆ ವಾರ ಅವರ ಖುಷಿ ನೋಡಬೇಕಿತ್ತು. ಅಂಗಡಿಯಲ್ಲಿಡಲು ಮಗಳು ಕಳಿಸಿದ ಹೊಸ ಇಂಟರ್ನೆಟ್ ಫೋನಿನ ಡಬ್ಬಿಯೂ ಬಂತು. ಅದನ್ನು ಬಿಚ್ಚದೆ, ಒರೆಸಿ ಕಪಾಟಿನ ಮೇಲೆ ಇಟ್ಟರು. ಬುಧವಾರ ಬೆಳಿಗ್ಗೆ ಒಗೆದ ಅಂಗಿ ತೊಟ್ಟು, ಬೂದು ಫೋನಿಗೆ ತಂತಿ ಸುತ್ತಿ, ಚೀಲದಲ್ಲಿ ಹಾಕಿಕೊಂಡು ಹೊರಟರು.

“ಎಲ್ಲಿಗಣ್ಣ?”

“ಟೆಲಿಫೋನ್ ಆಫೀಸಿಗೆ. ಹಳೇದನ್ನು ಒಪ್ಪಿಸಿ, ಲೈನು ಮುಚ್ಚಿಸಿ ಬರ್ತೀನಿ. ಅದು ಇರೋವಾಗ ಇದನ್ನು ಹೇಗೆ ಹಾಕೋದು? ಒಂದು ಬಾಗಿಲಿಗೆ ಎರಡು ಬೀಗ ಆಗುತ್ತೆ.”

ನಾನು ತಡೆಯಲಿಲ್ಲ. ನನಗೂ ಅದು ಸರಿಯೆಂದೇ ಕಂಡಿತು. ಅದನ್ನು ನೆನೆದಾಗಲೆಲ್ಲ ನನ್ನ ಸೂಜಿ ಇಂದಿಗೂ ನಿಲ್ಲುತ್ತದೆ.

ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸುವ ತನಕ ಹಳೆಯ ಲೈನು ಜೀವಂತ ಇರಬೇಕಂತೆ. ಸತ್ತ ಲೈನಿನಿಂದ ನಂಬರನ್ನು ಎತ್ತಿಕೊಳ್ಳಲು ಆಗುವುದಿಲ್ಲವಂತೆ. ಗುರುವಾರ ಅವರ ಮೊಬೈಲಿಗೆ ಮಗಳ ಫೋನು ಬಂತು. “ಅಪ್ಪ, ನಂಬರೇ ಇಲ್ಲ ಅಂತಿದಾರೆ. ಏನು ಮಾಡಿದೆ?”

“ಹಳೇದು ಒಪ್ಪಿಸಿ ಬಂದೆ ಮಗಳೇ.”

ಆ ಕಡೆ ಅವಳು ಅತ್ತಳು. “ಏನೂ ಮಾಡ್ಬೇಡ ಅಂದಿದ್ದೆನಲ್ಲಪ್ಪ...” ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದರು ಬೀಗದಣ್ಣ.

ನಾನೂ ಜೊತೆಗೆ ಟೆಲಿಫೋನ್ ಆಫೀಸಿಗೆ ಹೋದೆ. ಕಿಟಕಿಯ ಆಚೆ ಕೂತ ಹೆಂಗಸು ಎರಡು ಸಲ ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದಳು. “ನಿಮ್ಮ ಬೀದಿಯ ತಂತಿ ಲೈನುಗಳನ್ನೆಲ್ಲ ತೆಗೀತಿದೀವಿ ಸಾರ್. ಒಮ್ಮೆ ಮುಚ್ಚಿದ್ದನ್ನು ಮತ್ತೆ ತೆರೆಯಲ್ಲ. ನಂಬರೂ ವಾಪಸು ಬರಲ್ಲ.”

“ನಲವತ್ತು ವರ್ಷ ಊರಿನವರ ಬಾಗಿಲು ತೆಗೆದಿದೀನಮ್ಮ” ಎಂದರು ಬೀಗದಣ್ಣ. “ಇದೊಂದಕ್ಕೆ ಏನಾದ್ರೂ ದಾರಿ ಇದೆಯಾ ನೋಡಿ.”

ಅವಳು ತಲೆ ತಗ್ಗಿಸಿದಳು. ಒಳ್ಳೆಯ ಹೆಂಗಸು. ದಾರಿ ಇದ್ದಿದ್ದರೆ ಹೇಳುತ್ತಿದ್ದಳು.

ಹೊಸ ಫೋನಿಗೆ ಹೊಸ ನಂಬರು ಬಂತು. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಆರೈಕೆ ಮನೆಯ ಫೋನಿನ ಮೇಲೆ ಅಂಟಿಸಿದರು. ಅತ್ತಿಗೆ ಅದನ್ನು ಓದಿದರು, ಬೆರಳು ಮಾತ್ರ ಹಳೆಯ ದಾರಿಯಲ್ಲೇ ಹೋಯಿತು. ನರ್ಸ್ ತಾನೇ ನಂಬರು ಒತ್ತಿ ಅವರ ಕೈಗೆ ಕೊಟ್ಟಳು. “ನಾನು ಯಾರಿಗೂ ಮಾಡಿಲ್ಲ” ಎಂದು ಅತ್ತಿಗೆ ಇಟ್ಟುಬಿಟ್ಟರು. ಬೀಗದಣ್ಣನೇ ಅಲ್ಲಿಗೆ ಫೋನು ಮಾಡಿದರೆ, “ತಪ್ಪು ನಂಬರು” ಎಂದು ಇಟ್ಟರು. ದಿನಾ ನಾಲ್ಕಕ್ಕೆ ಅತ್ತಿಗೆ ತಾವಾಗಿ ಹಳೆಯ ನಂಬರನ್ನೇ ಒತ್ತುತ್ತಿದ್ದರು. “ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ” ಎಂಬ ದನಿಯನ್ನು ಕೊನೆಯವರೆಗೆ ಕೇಳಿ, “ಸರಿ ಅಮ್ಮ” ಎಂದು ಅದಕ್ಕೂ ಉತ್ತರ ಕೊಟ್ಟು, ಇಡುತ್ತಿದ್ದರು. ಮೂರನೆಯ ವಾರ ಅದೂ ನಿಂತಿತು.

ಆಗ ಬೀಗದಣ್ಣ ಒಂದು ಉಪಾಯ ಹೂಡಿದರು. ಸಾಮಾನಿನ ಚೀಲ ಹೆಗಲಿಗೇರಿಸಿ, ನಾಲ್ಕು ಗಂಟೆಗೆ ಸರಿಯಾಗಿ ಆರೈಕೆ ಮನೆಗೆ ಹೋಗಿ ಅತ್ತಿಗೆಯ ಕೋಣೆಯ ಬಾಗಿಲು ತಟ್ಟಿದರು. ನರ್ಸ್ ಪಕ್ಕದಲ್ಲೇ ಇದ್ದಳು.

“ಬೀಗದಂಗಡಿಯಿಂದ ಬಂದಿದೀನಮ್ಮ. ಬಾಗಿಲು ತೆಗೀಬೇಕು ಅಂದಿದ್ರಲ್ಲ.”

ಅತ್ತಿಗೆ ಈ ಸಲ ಕೈಚೀಲ ಬಚ್ಚಿಡಲಿಲ್ಲ. ಅವರನ್ನು ಕನಿಕರದಿಂದ ನೋಡಿದರು.

“ಆ ಅಂಗಡಿ ಈಗಿಲ್ಲಪ್ಪ. ನಾನೇ ಫೋನು ಮಾಡಿ ಕೇಳಿದೆ, ಇಲ್ಲ ಅಂದ್ರು. ಅಲ್ಲೊಬ್ರು ಇದ್ರು. ದಿನಾ ಬರ್ತೀನಿ ಅಂತಿದ್ರು, ಗಾಬರಿ ಆಗ್ಬೇಡಿ ಅಂತಿದ್ರು. ಹೋಗಿಬಿಟ್ರು ಅಂತ ಕಾಣುತ್ತೆ.” ಸೆರಗಿನಿಂದ ಕಣ್ಣು ಒರೆಸಿಕೊಂಡರು. “ನಿಮಗೆ ಅವರ ಪರಿಚಯ ಇತ್ತಾ?”

“ಇತ್ತಮ್ಮ.”

“ಹಾಗಾದ್ರೆ ಕೂತ್ಕೊಳ್ಳಿ” ಎಂದರು ಅತ್ತಿಗೆ. ಇಬ್ಬರೂ ಸಾವಿನ ಮನೆಯಲ್ಲಿ ಕೂರುವ ಹಾಗೆ ಕೂತಿದ್ದರು.

ಇಷ್ಟನ್ನು ಬೀಗದಣ್ಣ ಮರುದಿನ ನನ್ನ ಅಂಗಡಿಯ ಹೊಸ್ತಿಲಲ್ಲಿ ಕೂತು ಹೇಳಿದರು. ಹೇಳಿ ಮುಗಿಸಿ, ಗಡಿಯಾರ ನೋಡಿ, ಎದ್ದು ಹೋದರು. ಗೋಡೆಯ ಆಚೆ ಯಂತ್ರ ಸ್ವಲ್ಪ ಹೊತ್ತು ಕಿರುಚಿ ನಿಂತಿತು. ಆಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾನೂ ನನ್ನ ಮಷೀನು ನಿಲ್ಲಿಸಿದೆ.